ಇದು ಯಾವ ಲಾಂಗ್ವೇಜು?

ದೇವನೂರ ಮಹಾದೇವರ ‘ಕುಸುಮಬಾಲೆ’ ಓದೋಕೆ ಕಷ್ಟ ಅಂತ ಬೆಂಗಳೂರಿನ ಗೆಳೆಯರು ಅಂದಾಗ ಒಳಗೊಳಗೇ ಬೀಗಿದ್ದೆ. ಅದು ನಮ್ಮ ನಂಜನಗೂಡು ಸೀಮೆಯ ಮಾತು, ಅವ್ವ ಆಡೋ ಕನ್ನಡ. ಮೊನ್ನೆ ಊರಲ್ಲಿ ಅಣ್ಣನ ಮಗನಿಗೆ ಒಂದು ಪುಟ ಓದಿಸಿದೆ. ‘ಚಿಕ್ಕಪ್ಪ, ಇದು ಯಾವ ಲಾಂಗ್ವೇಜು?’ ಅಂದ.

ಇಂಗ್ಲಿಷ್ ಬಂದಿದ್ದಕ್ಕೆ ತಕರಾರಿಲ್ಲ, ನನ್ನ ಇಎಂಐ ಕಟ್ತಿರೋದೇ ಅದು. ಅವ್ವನೂ ಇಂಗ್ಲಿಷ್ ಪದ ಆಡ್ತಾಳೆ. ಆದ್ರೆ ಅವಳ ಬಾಯಲ್ಲಿ ಲ್ಯಾಂಟರ್ನ್ ಲಾಟೀನಾಯ್ತು, ಸ್ಟೇಷನ್ ಟೇಸನ್ನಾಯ್ತು. ವಸ್ತುವಿನ ಹೆಸರು ತಗೊಂಡು ಅರಗಿಸಿಕೊಂಡಳು. ಹುಡುಗ ಕ್ರಿಯಾಪದವನ್ನೇ ಬಿಟ್ಟುಕೊಟ್ಟಿದ್ದಾನೆ: ವೇಟ್ ಮಾಡು, ಈಟ್ ಮಾಡು. ಮುದ್ದೆ ಉಣ್ಣೋದು ಬೇರೆ, ಕಡ್ಲೆಕಾಯಿ ತಿನ್ನೋದು ಬೇರೆ. ‘ಈಟ್’ನಲ್ಲಿ ಅದೆಲ್ಲಿ ಉಳಿಯುತ್ತೆ?

ಆಮೇಲೆ ಅದೇ ಪುಟ ಅವ್ವನಿಗೆ ಓದಿ ಹೇಳಿದೆ. ಅವಳು ನಕ್ಕ ಎರಡು ಕಡೆ, ನಂಗೂ ಅರ್ಥವಾಗದೆ ಸುಮ್ಮನೆ ಜೊತೆಗೆ ನಕ್ಕೆ.