ಮಂಗೋಲರ ಇತಿಹಾಸ: ದೂರು ಮತ್ತು ಹೊಗಳಿಕೆಯ ನಡುವೆ

ಕ್ರಿ.ಶ. 1258ರ ಫೆಬ್ರವರಿಯಲ್ಲಿ ಹುಲಾಗುವಿನ ಸೈನ್ಯ ಬಗ್ದಾದನ್ನು ವಶಪಡಿಸಿಕೊಂಡಿತು. ಖಲೀಫಾ ಮುಸ್ತಅಸಿಮ್ ಕೊಲ್ಲಲ್ಪಟ್ಟರು. ಐದು ಶತಮಾನಗಳ ಅಬ್ಬಾಸಿ ಖಿಲಾಫತ್‌ಗೆ ಬಗ್ದಾದಿನಲ್ಲಿ ತೆರೆ ಬಿತ್ತು. ಈ ದುರಂತವನ್ನು ನಾವು ಹೆಚ್ಚಾಗಿ ಒಂದೇ ಚಿತ್ರದ ಮೂಲಕ ನೆನೆಯುತ್ತೇವೆ: ಗ್ರಂಥಗಳನ್ನೆಲ್ಲ ಟೈಗ್ರಿಸ್ ನದಿಗೆ ಎಸೆಯಲಾಯಿತು, ಶಾಯಿ ಕರಗಿ ನೀರು ಕಪ್ಪಾಯಿತು. ಮುಸ್ಲಿಮ್ ಜಗತ್ತು ವಿಜ್ಞಾನದಲ್ಲಿ ಹಿಂದೆ ಬಿದ್ದದ್ದೇಕೆ ಎಂದು ಯಾರಾದರೂ ಕೇಳಿದರೆ ನಮ್ಮ ಭಾಷಣಕಾರರು ತಡವರಿಸದೆ ಕೊಡುವ ಉತ್ತರವೂ ಇದೇ: ತಾತಾರಿಗಳು ಬಂದರು, ಎಲ್ಲವೂ ಮುಗಿಯಿತು.

ಇದಕ್ಕೆ ತೀರಾ ವಿರುದ್ಧವಾದ ಇನ್ನೊಂದು ಚಿತ್ರವೂ ಇಂದು ಚಲಾವಣೆಯಲ್ಲಿದೆ. ಅಮೆರಿಕದ ಜ್ಯಾಕ್ ವೆದರ್‌ಫೋರ್ಡ್ 2004ರಲ್ಲಿ ಪ್ರಕಟಿಸಿದ, ಬಹಳ ಜನಪ್ರಿಯವಾದ ಪುಸ್ತಕದಲ್ಲಿ ಚೆಂಗೀಸ್ ಖಾನ್ ಆಧುನಿಕ ಜಗತ್ತಿನ ನಿರ್ಮಾಪಕನಾಗಿ ಕಾಣಿಸುತ್ತಾನೆ. ಧಾರ್ಮಿಕ ಸ್ವಾತಂತ್ರ್ಯ, ಸುರಕ್ಷಿತ ವ್ಯಾಪಾರ ಮಾರ್ಗ, ಅಂಚೆ ವ್ಯವಸ್ಥೆ, ವಂಶಕ್ಕಿಂತ ಅರ್ಹತೆಗೆ ಮನ್ನಣೆ ಇವೆಲ್ಲ ಆತನ ಕೊಡುಗೆಗಳು. ಇಲ್ಲಿ ಹತ್ಯೆಗಳು ಮುನ್ನಡೆಯ ಕಥೆಯೊಂದರ ಆರಂಭದ ಅಧ್ಯಾಯಗಳಾಗಿ ಹಿಂದೆ ಸರಿಯುತ್ತವೆ.

ಈ ಎರಡರಲ್ಲಿ ಯಾವುದನ್ನು ನಂಬಬೇಕು? ನಮ್ಮ ಅಭಿಪ್ರಾಯದಲ್ಲಿ ಎರಡೂ ಓದುಗನಿಗೆ ಬೇಕಾದ ಸಮಾಧಾನವನ್ನು ಒದಗಿಸುವ ಕಥೆಗಳು. ಸಂಶೋಧನೆ ತೋರಿಸುವ ಹಾದಿ ಇವೆರಡಕ್ಕಿಂತ ಕಠಿಣವಾಗಿದೆ.

ಹಳೆಯ ಚಿತ್ರಕ್ಕೆ ತಿದ್ದುಪಡಿ ಬೇಕಿತ್ತು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಅಲೆಮಾರಿಗಳ ಬಗ್ಗೆ ಬರೆದವರು ಬಹುಮಟ್ಟಿಗೆ ಅವರಿಂದ ಸೋತ ನಗರವಾಸಿಗಳು. ಮಂಗೋಲರದೇ ದನಿ ಕೇಳುವ ಗ್ರಂಥವೆಂದರೆ ಮುಖ್ಯವಾಗಿ 'ಮಂಗೋಲರ ರಹಸ್ಯ ಇತಿಹಾಸ'. 1221ರಲ್ಲಿ ಮರ್ವ್ ನಗರದಲ್ಲಿ ಸತ್ತವರನ್ನು ಎಣಿಸಿದಾಗ ಸಂಖ್ಯೆ 13 ಲಕ್ಷ ದಾಟಿತೆಂದು ಜುವೈನಿ ಬರೆಯುತ್ತಾನೆ. ಆ ಕಾಲದ ಒಂದು ನಗರ ಅಷ್ಟು ಜನರನ್ನು ಹಿಡಿಸಲಾರದು ಎಂಬುದು ಇತಿಹಾಸಕಾರರ ಸಂಶಯ. ಅಂತಹ ಸಂಖ್ಯೆಯನ್ನು ಲೆಕ್ಕವೆಂದು ತಿಳಿಯುವುದಕ್ಕಿಂತ ಭಯದ ಅಳತೆಗೋಲೆಂದು ಓದುವುದೇ ಸರಿ.

ಥಾಮಸ್ ಆಲ್ಸೆನ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ತಿದ್ದುಪಡಿಯ ಉತ್ತಮ ಮಾದರಿ. ಕುಬ್ಲಾಯ್ ಖಾನನ ಆಸ್ಥಾನದಿಂದ ಇರಾನಿಗೆ ಬಂದ ಬೋಲಾದ್ ಎಂಬ ಮಂಗೋಲ್ ಅಧಿಕಾರಿ ಮತ್ತು ಇಲ್ಖಾನರ ವಜೀರ ರಶೀದುದ್ದೀನ್ ಜೊತೆಯಾಗಿ ಕೆಲಸ ಮಾಡಿದ್ದನ್ನು ಅದು ವಿವರಿಸುತ್ತದೆ. ಚೀನಾದ ವೈದ್ಯ, ಕೃಷಿ, ಅಡುಗೆ, ಇತಿಹಾಸ ಬರವಣಿಗೆ ಇರಾನಿಗೆ ಬಂದವು, ಇರಾನಿನದು ಅಲ್ಲಿಗೆ ಹೋಯಿತು. ಇದರಲ್ಲಿ ಮಂಗೋಲರು ಕೇವಲ ದಾರಿ ಬಿಟ್ಟುಕೊಟ್ಟವರಾಗಿರಲಿಲ್ಲ, ಏನು ಬೇಕು ಎಂದು ಆರಿಸಿದವರೂ ಅವರೇ. ಆಲ್ಸೆನ್ ಯಾರನ್ನೂ ಹೊಗಳುವುದಿಲ್ಲ, ದಾಖಲೆಗಳನ್ನು ಮುಂದಿಡುತ್ತಾರೆ. ವೆದರ್‌ಫೋರ್ಡರಿಗೂ ಅವರಿಗೂ ಇರುವ ವ್ಯತ್ಯಾಸ ಇದೇ.

ಬಗ್ದಾದಿನ ಗ್ರಂಥಾಲಯಗಳ ವಿಷಯದಲ್ಲೂ ಇಂತಹ ಕೆಲಸ ನಡೆದಿದೆ. ಗ್ರಂಥಗಳಿಗೆ ಭಾರೀ ನಷ್ಟವಾದದ್ದು ನಿಜ. ಆದರೆ ನಗರದ ವಿದ್ಯಾಜೀವನ ಬಹುಬೇಗ ಮತ್ತೆ ಚಿಗುರಿತೆಂದು ಮಿಖಾಲ್ ಬಿರಾನ್ ಅರಬಿ ಮೂಲಗಳಿಂದ ತೋರಿಸಿದ್ದಾರೆ. ಅವರು ಆಧರಿಸುವ ಮುಖ್ಯ ಸಾಕ್ಷಿಗಳಲ್ಲಿ ಇಬ್ನುಲ್ ಫುವತೀ ಒಬ್ಬರು. ಬಗ್ದಾದಿನಲ್ಲಿ 1244ರಲ್ಲಿ ಹುಟ್ಟಿದ ಈತ ಹದಿನಾಲ್ಕರ ಹುಡುಗನಾಗಿದ್ದಾಗ ಮಂಗೋಲರ ಸೆರೆಯಾಳಾದ. ಮುಂದೆ ನಸೀರುದ್ದೀನ್ ತೂಸಿ ಅವರ ಆಶ್ರಯ ದೊರೆತು, 1259ರಲ್ಲಿ ಹುಲಾಗುವಿನ ನೆರವಿನಿಂದಲೇ ಆರಂಭವಾದ ಮರಾಗಾದ ಖಗೋಳ ವೀಕ್ಷಣಾಲಯದ ಗ್ರಂಥಪಾಲಕನಾದ. ಬಳಿಕ ಬಗ್ದಾದಿಗೆ ಮರಳಿ ಮುಸ್ತನ್ಸಿರಿಯಾ ಮದ್ರಸದ ಗ್ರಂಥಾಲಯವನ್ನು ನೋಡಿಕೊಂಡ. 1323ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಮಕಾಲೀನ ವಿದ್ವಾಂಸರ ದೊಡ್ಡ ಚರಿತ್ರಕೋಶವೊಂದನ್ನು ಬರೆದಿದ್ದ.

ಈ ಒಬ್ಬ ಮನುಷ್ಯನ ಬದುಕು ಎರಡೂ ಕಥೆಗಳನ್ನು ಪೇಚಿಗೆ ಸಿಲುಕಿಸುತ್ತದೆ. ಎಲ್ಲವೂ ಮುಗಿಯಿತು ಎನ್ನುವವರಿಗೆ ಮರಾಗಾದ ಪುಸ್ತಕಗಳು ಉತ್ತರ ಹೇಳುತ್ತವೆ. ಮಂಗೋಲರು ಜ್ಞಾನದ ಪೋಷಕರು ಎನ್ನುವವರಿಗೆ ಆ ಹುಡುಗನ ಸೆರೆವಾಸ ಉತ್ತರ ಹೇಳುತ್ತದೆ. ಒಂದನ್ನು ಇನ್ನೊಂದರಿಂದ ಕಳೆದು ಶೇಷ ತೆಗೆಯಲು ಇದು ಅಂಗಡಿಯ ಲೆಕ್ಕವಲ್ಲ.

ಹೊಗಳಿಕೆಯ ಪಕ್ಷವನ್ನು ಇನ್ನೂ ಸ್ವಲ್ಪ ಪರೀಕ್ಷಿಸೋಣ. ನೇಕಾರರು, ಶಿಲ್ಪಿಗಳು, ವೈದ್ಯರು ಏಷ್ಯಾದ ಉದ್ದಗಲಕ್ಕೆ ಸಂಚರಿಸಿದರು ಎನ್ನುತ್ತಾರೆ. ಸಂಚರಿಸಿದವರಲ್ಲಿ ಎಷ್ಟೋ ಮಂದಿ ಗೆದ್ದ ನಗರಗಳಿಂದ ಬಲವಂತವಾಗಿ ಸಾಗಿಸಲ್ಪಟ್ಟವರು. ಧಾರ್ಮಿಕ ಸ್ವಾತಂತ್ರ್ಯದ ಮಾತೂ ಹಾಗೆಯೇ. ಹಲವು ಧರ್ಮಗಳ ಪುರೋಹಿತರಿಗೆ ತೆರಿಗೆ ವಿನಾಯಿತಿ ಇತ್ತು, ಪ್ರತಿಯಾಗಿ ಅವರು ಖಾನನ ಒಳಿತಿಗಾಗಿ ಪ್ರಾರ್ಥಿಸಬೇಕಿತ್ತು. ಅದೇ ಕುಬ್ಲಾಯ್ 1280ರಲ್ಲಿ ಮುಸ್ಲಿಮರ ರೀತಿಯಲ್ಲಿ ಪ್ರಾಣಿವಧೆ ಮಾಡುವುದನ್ನು ನಿಷೇಧಿಸಿದ. ಅರಸನಿಗೆ ಬೇಕಾದಾಗ ದೊರೆತು ಬೇಡವಾದಾಗ ಹೋಗುವುದನ್ನು ಹಕ್ಕು ಎನ್ನಬಹುದೇ? ಸತ್ತವರ ವಿಷಯದಲ್ಲೂ ಶತ್ರುಗಳ ಬರಹವನ್ನೇ ನಂಬಬೇಕಾಗಿಲ್ಲ. ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿಗೆ 1262ರಲ್ಲಿ ಕಳಿಸಿದ ಪತ್ರದಲ್ಲಿ ಬಗ್ದಾದಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದೆನೆಂದು ಸ್ವತಃ ಹುಲಾಗು ಹೇಳಿಕೊಂಡಿದ್ದಾನೆ. ಇದರಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಅದು ಕೊಂದವನದೇ ಉತ್ಪ್ರೇಕ್ಷೆ.

ಇನ್ನು ನಮ್ಮ ಪಕ್ಷ. ಬಗ್ದಾದ್ ಬಿದ್ದ ನಂತರವೇ ತೂಸಿ ಮರಾಗಾದಲ್ಲಿ ಗ್ರಹಗಳ ಚಲನೆಯ ಹೊಸ ಗಣಿತ ಕಟ್ಟಿದರು. ದಮಾಸ್ಕಸ್‌ನಲ್ಲಿ ಇಬ್ನು ಶಾತಿರ್ ಅದನ್ನು ಹದಿನಾಲ್ಕನೇ ಶತಮಾನದಲ್ಲಿ ಮುಂದುವರಿಸಿದರು. 1295ರಲ್ಲಿ ಹುಲಾಗುವಿನ ಮರಿಮಗ ಗಾಝಾನ್ ಖಾನ್ ಇಸ್ಲಾಮ್ ಸ್ವೀಕರಿಸಿದ. ಹಾಗಿರುವಾಗ ನಂತರದ ಶತಮಾನಗಳ ಎಲ್ಲ ಆಲಸ್ಯಕ್ಕೂ ಹುಲಾಗುವಿನತ್ತ ಬೆರಳು ತೋರುವುದು ಪ್ರಾಮಾಣಿಕತೆಯಲ್ಲ. ಹೊರಗಿನ ಶತ್ರುವೊಬ್ಬ ಸಿಕ್ಕರೆ ಒಳಗಿನ ಪ್ರಶ್ನೆಗಳನ್ನು ಮುಂದೂಡುವುದು ಸುಲಭ.

ಇದು ಬರೀ ಹಳೆಯ ಕಾಲದ ಚರ್ಚೆಯೂ ಅಲ್ಲ. 2003ರ ಜನವರಿಯಲ್ಲಿ ಸದ್ದಾಮ್ ಹುಸೇನ್ ಅಮೆರಿಕನ್ನರನ್ನು ಈ ಯುಗದ ಮಂಗೋಲರೆಂದು ಕರೆದ. ತನ್ನ ಪ್ರಜೆಗಳ ಮೇಲೆ ತಾನೇ ನಡೆಸಿದ ಕ್ರೌರ್ಯವನ್ನು ಆ ಹೋಲಿಕೆ ಮರೆಮಾಚಿತು. ಅದೇ ಏಪ್ರಿಲ್‌ನಲ್ಲಿ, ಬಗ್ದಾದ್ ಅಮೆರಿಕನ್ ಸೈನ್ಯದ ಕೈಯಲ್ಲಿದ್ದಾಗಲೇ, ಇರಾಕಿನ ರಾಷ್ಟ್ರೀಯ ಗ್ರಂಥಾಲಯ ಉರಿಯಿತು. ಒಳ್ಳೆಯ ವ್ಯವಸ್ಥೆ ತರುತ್ತೇವೆಂದು ಬಂದವರ ಕಾವಲಿನಲ್ಲಿ ಇದು ನಡೆಯಿತು. ಗೆದ್ದವರು ತರುವ ರಸ್ತೆ, ಅಂಚೆ, ವ್ಯಾಪಾರಗಳನ್ನು ಪಟ್ಟಿ ಮಾಡಿ ಸತ್ತವರನ್ನು ಅದರ ಬೆಲೆಯೆಂದು ಬರೆಯುವ ಇತಿಹಾಸ ಯಾವ ಸಾಮ್ರಾಜ್ಯಕ್ಕೆ ತಾನೇ ಅನುಕೂಲವಾಗಿ ಒದಗುವುದಿಲ್ಲ?

ಮಂಗೋಲರ ಕುರಿತ ಹೊಸ ಸಂಶೋಧನೆಯನ್ನು ನಾವು ಓದಬೇಕು, ನಮ್ಮ ಹಳೆಯ ದೂರುಗಳು ಅದರಿಂದ ಸಡಿಲವಾದರೂ ಓದಬೇಕು. ಓದುವಾಗ ಸೆರೆ ಸಿಕ್ಕ ಹುಡುಗನನ್ನೂ ಗ್ರಂಥಾಲಯದಲ್ಲಿ ಕುಳಿತ ವೃದ್ಧನನ್ನೂ ಒಬ್ಬನೇ ಎಂದು ನೆನಪಿಟ್ಟರೆ ಸಾಕು. ಅವರಲ್ಲಿ ಒಬ್ಬನನ್ನು ಬಿಟ್ಟು ಬರೆದ ಪುಸ್ತಕ ಎಷ್ಟೇ ಸೊಗಸಾಗಿದ್ದರೂ ಅರ್ಧ ಪುಸ್ತಕವೇ.