ಬೈಬಲ್ಲಿನ ಗೋಣಿತಟ್ಟು: ಶೋಕವಸ್ತ್ರದ ಅರ್ಥವಿಚಾರ

ಗೋಣಿತಟ್ಟು ಮತ್ತು ಬೂದಿ ಎಂಬ ಜೋಡಿ ಹಳೆಯ ಒಡಂಬಡಿಕೆಯನ್ನು ಓದುವವರಿಗೆಲ್ಲ ಪರಿಚಿತವಾದುದು. ಸತ್ತವರಿಗಾಗಿ ಅಳುವವರು ಗೋಣಿತಟ್ಟನ್ನು ಉಡುತ್ತಾರೆ. ಪಾಪಮಾಡಿ ಮರುಗುವವರೂ ಅದನ್ನೇ ಉಡುತ್ತಾರೆ. ಈ ಎರಡು ಸಂದರ್ಭಗಳಿಗೆ ಒಂದೇ ಉಡುಪು ಹೇಗೆ ಸಲ್ಲುತ್ತದೆಂಬ ಪ್ರಶ್ನೆಗೆ ವ್ಯಾಖ್ಯಾನಕಾರರು ಸಾಮಾನ್ಯವಾಗಿ ಹೇಳುವ ಸಮಾಧಾನ ಸುಲಭವಾದುದು. ಶೋಕದ ಬಳಕೆಯೇ ಮೊದಲಿನದು. ಪಾಪಿಯು ತನ್ನ ಪಾಪವನ್ನು ಕುರಿತು ಶೋಕಿಸುವುದರಿಂದ ಆ ಉಡುಪು ಕಾಲಕ್ರಮದಲ್ಲಿ ಪಶ್ಚಾತ್ತಾಪಕ್ಕೂ ಸಂದಿತು. ಎರಡೆಡೆಯಲ್ಲಿಯೂ ಅದು ಒಳಗಿನ ದುಃಖದ ಹೊರಗಿನ ಕುರುಹು. ಈ ವಿವರಣೆಯನ್ನು ಇದ್ದಂತೆಯೇ ಒಪ್ಪಿದರೆ ಹಲವು ಪ್ರಸಂಗಗಳು ಅರ್ಥವಾಗದೆ ಉಳಿಯುತ್ತವೆ. ಅಷ್ಟೇ ಅಲ್ಲ, ಅನ್ಯಾಯಕ್ಕೆ ಗುರಿಯಾದವರನ್ನು ಅಪರಾಧಿಗಳೆಂದು ಓದುವ ದೋಷವೂ ಒದಗುತ್ತದೆ.

ಮೊದಲು ಬಟ್ಟೆಯ ವಿಚಾರ. ಹೀಬ್ರೂ ಮೂಲದಲ್ಲಿರುವ ಪದ ‘ಸಕ್’. ಗ್ರೀಕರ ‘ಸಾಕ್ಕೊಸ್’, ಲ್ಯಾಟಿನ್ನಿನ ‘ಸಾಕ್ಕುಸ್’ ಇದಕ್ಕೆ ಸಂಬಂಧಿಸಿದ ರೂಪಗಳು. ಆದಿಕಾಂಡದಲ್ಲಿ ಯೋಸೇಫನು ಸತ್ತನೆಂದು ನಂಬಿದ ಯಾಕೋಬನು ಸೊಂಟಕ್ಕೆ ಕಟ್ಟಿಕೊಳ್ಳುವುದೂ ‘ಸಕ್’. ಮುಂದೆ ಬರಗಾಲದಲ್ಲಿ ಅವನ ಮಕ್ಕಳು ಐಗುಪ್ತದಿಂದ ಧಾನ್ಯವನ್ನು ತುಂಬಿಕೊಂಡು ಬರುವ ಚೀಲವೂ ‘ಸಕ್’. ಈ ಬಟ್ಟೆ ಕಪ್ಪಾಗಿದ್ದಿತೆಂಬುದಕ್ಕೆ ಯೆಶಾಯನಲ್ಲಿಯೂ, ಅದು ಕೂದಲಿನದೆಂಬುದಕ್ಕೆ ಹೊಸ ಒಡಂಬಡಿಕೆಯ ಪ್ರಕಟನೆಯಲ್ಲಿಯೂ ಆಧಾರವುಂಟು. ಆಡಿನ ಕೂದಲನ್ನು ನೆಯ್ದು ಮಾಡಿದ ಒರಟು ಬಟ್ಟೆಯೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಕನ್ನಡ ಬೈಬಲ್ಲಿನ ‘ಗೋಣಿತಟ್ಟು’ ಎಂಬ ಪದ ನಾರಿನ ಬಟ್ಟೆಯನ್ನು ಕಣ್ಣಮುಂದೆ ತರುವುದರಿಂದ ಬಣ್ಣವೂ ಎಳೆಯೂ ಬೇರೆಯಾದುವು, ನಿಜ. ಆದರೆ ಕರಿಯ ಬಣ್ಣಕ್ಕೂ ಕೂದಲಿಗೂ ಹತ್ತಿರವಾದ ‘ಕಂಬಳಿ’ಯನ್ನು ಆರಿಸಿದ್ದರೆ ಇನ್ನೂ ಹೆಚ್ಚಿನ ನಷ್ಟವಾಗುತ್ತಿತ್ತು. ನಮ್ಮಲ್ಲಿ ಕಂಬಳಿ ಗದ್ದುಗೆಗೆ ಹಾಸುವ ಮಂಗಳವಸ್ತು. ಚೀಲದ ನೆನಪೂ ಅದರಲ್ಲಿಲ್ಲ. ಮನುಷ್ಯನು ಸರಕಿನ ಚೀಲವನ್ನು ಮೈಗೆ ಸುತ್ತಿಕೊಂಡು ನಿಂತಿದ್ದಾನೆಂಬ ಮುಖ್ಯಾಂಶವನ್ನು ‘ಗೋಣಿ’ ಉಳಿಸಿಕೊಂಡಿದೆ.

ಇನ್ನು ಪ್ರಸಂಗಗಳಿಗೆ ಬರಬಹುದು. ಸಮುವೇಲನ ದ್ವಿತೀಯ ಗ್ರಂಥದ 21ನೆಯ ಅಧ್ಯಾಯದಲ್ಲಿ ರಿಚ್ಪಳ ವೃತ್ತಾಂತವಿದೆ. ಸೌಲನು ಗಿಬ್ಯೋನ್ಯರಿಗೆ ಮಾಡಿದ್ದ ದ್ರೋಹಕ್ಕೆ ಪ್ರತೀಕಾರವಾಗಿ ದಾವೀದನು ಸೌಲನ ಸಂತತಿಯ ಏಳು ಮಂದಿಯನ್ನು ಅವರ ಕೈಗೆ ಒಪ್ಪಿಸುತ್ತಾನೆ. ಅವರಲ್ಲಿ ಇಬ್ಬರು ಸೌಲನ ಉಪಪತ್ನಿಯಾದ ರಿಚ್ಪಳ ಮಕ್ಕಳು. ಕೊಂದ ದೇಹಗಳನ್ನು ಹೂಳದೆ ಬೆಟ್ಟದ ಮೇಲೆ ಬಿಡಲಾಯಿತು. ರಿಚ್ಪಳು ಗೋಣಿತಟ್ಟನ್ನು ತಂದು ಬಂಡೆಯ ಮೇಲೆ ಹಾಸಿಕೊಂಡು, ಜವೆಗೋದಿಯ ಸುಗ್ಗಿಯ ಮೊದಲಿನಿಂದ ಮಳೆ ಬೀಳುವವರೆಗೆ, ಹಗಲು ಹಕ್ಕಿಗಳನ್ನೂ ಇರುಳು ಕಾಡುಮೃಗಗಳನ್ನೂ ಓಡಿಸುತ್ತ ಕುಳಿತಳು. ಅವಳ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಇಲ್ಲಿ ಗೋಣಿತಟ್ಟು ಮೈಯ ಮೇಲಿನ ಉಡುಪಾಗಿರದೆ ಕುಳಿತ ನೆಲವಾಗಿದೆ. ಇದನ್ನು ಪಶ್ಚಾತ್ತಾಪವೆನ್ನಲು ಅವಳು ಮಾಡಿದ ಪಾಪ ಯಾವುದು? ಬರಿಯ ಶೋಕವೆನ್ನೋಣವೆಂದರೆ, ಕಥೆಯ ಮುಂದಿನ ಹೆಜ್ಜೆ ಅದಕ್ಕೆ ಒಗ್ಗುವುದಿಲ್ಲ. ಅವಳು ಮಾಡುತ್ತಿರುವುದು ಅರಸನ ಕಿವಿಗೆ ಬೀಳುತ್ತದೆ. ಅವನು ಸೌಲ ಯೋನಾತಾನರ ಎಲುಬುಗಳನ್ನು ತರಿಸಿ, ಕೊಲ್ಲಲ್ಪಟ್ಟವರ ಎಲುಬುಗಳನ್ನೂ ಕೂಡಿಸುತ್ತಾನೆ. ರಾಜ್ಯವು ಮರೆಯಬಯಸಿದ ಹೆಣಗಳನ್ನು ಮರೆಯಗೊಡದ ಮೂಕ ಮೊರೆ ಅವಳದು. ಆ ಮೊರೆಗೆ ಉತ್ತರ ದೊರೆಯಿತು.

ಅದೇ ಗ್ರಂಥದ 12ನೆಯ ಅಧ್ಯಾಯದಲ್ಲಿ ದಾವೀದನ ನಡತೆ ಇದನ್ನು ಮತ್ತೊಂದು ಕಡೆಯಿಂದ ಸ್ಪಷ್ಟಪಡಿಸುತ್ತದೆ. ಕೂಸು ಕಾಯಿಲೆಯಾಗಿರುವವರೆಗೆ ಅವನು ಉಪವಾಸವಿದ್ದು ನೆಲದ ಮೇಲೆ ಬಿದ್ದಿರುತ್ತಾನೆ. ಕೂಸು ಸತ್ತಿತೆಂದು ತಿಳಿದೊಡನೆ ಎದ್ದು, ಮಿಂದು, ಬಟ್ಟೆ ಬದಲಿಸಿ, ಊಟಮಾಡುತ್ತಾನೆ. ಪರಿಚಾರಕರು ಬೆರಗಾಗುತ್ತಾರೆ. ಅವರು ಈ ಆಚರಣೆಯನ್ನು ಶೋಕವೆಂದು ತಿಳಿದಿದ್ದರು. ದಾವೀದನಿಗೆ ಅದು ಬೇಡಿಕೆಯಾಗಿತ್ತು. ಬೇಡುವುದಕ್ಕೆ ಏನೂ ಉಳಿಯದಿದ್ದಾಗ ಆಚರಣೆಯೂ ನಿಂತಿತು.

ಈ ಅರ್ಥ ಇಸ್ರಾಯೇಲರಿಗೆ ಮಾತ್ರ ಸೀಮಿತವಾದುದಲ್ಲ. ಅಸ್ಸೀರಿಯದ ಎಸರ್‌ಹದ್ದೋನನು ಕ್ರಿ.ಪೂ. 673ರಲ್ಲಿ ಶುಬ್ರಿಯ ರಾಜ್ಯದ ಮೇಲೆ ದಂಡೆತ್ತಿ ಹೋದನು. ಅಶ್ಶೂರ ದೇವನಿಗೆ ಬರೆಸಿದ ಪತ್ರದ ರೂಪದಲ್ಲಿ ಆ ದಂಡಯಾತ್ರೆಯ ವರದಿ ಉಳಿದಿದೆ. ಮುತ್ತಿಗೆಯಲ್ಲಿ ಸಿಕ್ಕಿದ ಶುಬ್ರಿಯದ ಅರಸನು ರಾಜವಸ್ತ್ರವನ್ನು ತೆಗೆದುಹಾಕಿ, ಅಪರಾಧಿಗೆ ತಕ್ಕ ‘ಬಶಾಮು’ ಎಂಬ ಒರಟು ಬಟ್ಟೆಯನ್ನು ಸುತ್ತಿಕೊಂಡು ಕೋಟೆಯ ಮೇಲಿನಿಂದ ಪ್ರಾಣಭಿಕ್ಷೆ ಬೇಡುತ್ತಾನೆ. ಅದು ಫಲಿಸದಿದ್ದಾಗ, ಒಂದು ಪ್ರತಿಮೆಯನ್ನು ಮಾಡಿಸಿ, ಅದಕ್ಕೂ ಅದೇ ಬಟ್ಟೆಯನ್ನು ಉಡಿಸಿ, ಸಂಕೋಲೆ ತೊಡಿಸಿ, ತನ್ನ ಮಕ್ಕಳ ಕೈಯಲ್ಲಿ ಕಳುಹಿಸುತ್ತಾನೆ. ಪ್ರತಿಮೆಗೆ ಪಶ್ಚಾತ್ತಾಪವೆಲ್ಲಿಂದ ಬರಬೇಕು? ಬಟ್ಟೆಯ ಕೆಲಸ ಮನಸ್ಸನ್ನು ತೋರಿಸುವುದಲ್ಲ. ಉಟ್ಟವನನ್ನು ಎದುರಿನವನ ಅಧೀನದಲ್ಲಿ ನಿಲ್ಲಿಸುವುದು. ಯೋನನ ಗ್ರಂಥದಲ್ಲಿ ನಿನೆವೆಯ ಅರಸನು ದನಕರುಗಳಿಗೂ ಗೋಣಿತಟ್ಟು ಹೊದಿಸಬೇಕೆಂದು ಆಜ್ಞೆಮಾಡುವುದನ್ನು ಕೆಲವರು ಹಾಸ್ಯವೆಂದು ಓದಿರುವರು. ಹಾಸ್ಯದ ಎಳೆ ಇದ್ದರೂ ಇರಬಹುದು. ಆದರೆ ಅಸ್ಸೀರಿಯದ ಈ ವರದಿಯನ್ನು ಪಕ್ಕದಲ್ಲಿಟ್ಟುಕೊಂಡವರಿಗೆ ಅದು ಅಷ್ಟೇನೂ ವಿಚಿತ್ರವಾಗಿ ಕಾಣದು. ಅಹಾಬನ ಮುಂದೆ ಸೋತ ಬೆನ್ಹದದನ ಸೇವಕರು ಸೊಂಟಕ್ಕೆ ಗೋಣಿತಟ್ಟನ್ನೂ ತಲೆಗೆ ಹಗ್ಗವನ್ನೂ ಕಟ್ಟಿಕೊಂಡು ಬರುವುದೂ ಇದೇ ಬಗೆಯದು.

ಇತಿಹಾಸದ ವಿದ್ಯಾರ್ಥಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳ ಸಾಕ್ಷ್ಯ ದಕ್ಷಿಣ ಈಜಿಪ್ಟಿನ ಎಲಿಫೆಂಟೀನ್ ದ್ವೀಪದ ಒಂದು ಅರಮೇಯಿಕ್ ಪತ್ರ. ಪಾರಸಿಕರ ಆಳ್ವಿಕೆಯಲ್ಲಿ ಅಲ್ಲಿ ನೆಲೆಸಿದ್ದ ಯೆಹೂದಿ ಸೈನಿಕರ ದೇವಾಲಯವನ್ನು ಕ್ರಿ.ಪೂ. 410ರಲ್ಲಿ, ಖ್ನೂಮ್ ದೇವನ ಅರ್ಚಕರ ಪ್ರೇರಣೆಯಿಂದ, ವಿದ್ರಂಗನೆಂಬ ಅಧಿಕಾರಿ ನೆಲಸಮ ಮಾಡಿಸಿದನು. ಮೊದಲು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಕ್ರಿ.ಪೂ. 407ರಲ್ಲಿ ಅವರು ಯೆಹೂದದ ರಾಜ್ಯಪಾಲ ಬಗೋಹಿಗೆ ಮತ್ತೆ ಬರೆದರು. ಆ ದಿನದಿಂದ ತಾವು ಹೆಂಡಿರುಮಕ್ಕಳೊಡನೆ ಗೋಣಿತಟ್ಟನ್ನು ಉಟ್ಟು ಉಪವಾಸವಿರುವುದಾಗಿಯೂ, ಹೆಂಡಿರು ವಿಧವೆಯರಂತಾಗಿರುವುದಾಗಿಯೂ, ಎಣ್ಣೆ ಪೂಸಿಕೊಂಡಿಲ್ಲ, ದ್ರಾಕ್ಷಾರಸ ಕುಡಿದಿಲ್ಲವೆಂದೂ ಅದರಲ್ಲಿ ಹೇಳಿದೆ. ಇದು ಕವಿಯ ವರ್ಣನೆಯಲ್ಲ. ಕಚೇರಿಗೆ ಸಲ್ಲಿಸಿದ ಅರ್ಜಿ. ಮೂರು ವರ್ಷ ಉಟ್ಟ ಬಟ್ಟೆಯನ್ನು ಅರ್ಜಿಯ ಒಂದು ಅಂಶವಾಗಿ ನಮೂದಿಸಿದ್ದಾರೆ. ತಮ್ಮ ಪಾಪದಿಂದ ಹೀಗಾಯಿತೆಂಬ ಒಂದು ಮಾತೂ ಪತ್ರದಲ್ಲಿಲ್ಲ. ವಿದ್ರಂಗನ ಪತನವನ್ನು ಕಣ್ಣಾರೆ ಕಂಡೆವೆಂಬ ತೃಪ್ತಿ ಮಾತ್ರ ಧಾರಾಳವಾಗಿದೆ. ಇವರನ್ನು ಪಶ್ಚಾತ್ತಾಪಿಗಳೆಂದು ಕರೆದರೆ ದೇವಾಲಯ ಕಳೆದುಕೊಂಡವರ ಮೇಲೆಯೇ ತಪ್ಪನ್ನು ಹೊರಿಸಿದಂತಾಗುವುದಿಲ್ಲವೆ?

ಆಧುನಿಕ ವಿದ್ವಾಂಸರಲ್ಲಿ ಅರ್ನ್ಸ್ಟ್ ಕುಟ್ಷ್ 1965ರಲ್ಲಿಯೇ ಈ ಆಚಾರಗಳನ್ನು ‘ತನ್ನನ್ನು ತಾನು ಕುಗ್ಗಿಸಿಕೊಳ್ಳುವ ಕ್ರಿಯೆ’ಗಳೆಂದು ವಿವರಿಸಿದರು. ಸಾಲ್ ಓಲ್ಯನ್ 2004ರ ತಮ್ಮ ಗ್ರಂಥದಲ್ಲಿ ಬೇಡಿಕೆಯ ಶೋಕಾಚಾರವನ್ನು ಪ್ರತ್ಯೇಕ ವರ್ಗವೆಂದು ಗುರುತಿಸಿದರು. ಡೇವಿಡ್ ಲ್ಯಾಂಬರ್ಟ್ 2016ರಲ್ಲಿ ಇನ್ನೂ ಮುಂದೆ ಹೋಗಿ, ಪಶ್ಚಾತ್ತಾಪವೆಂಬ ಭಾವನೆಯನ್ನೇ ನಂತರದ ಓದುಗರು ಈ ಗ್ರಂಥಗಳಲ್ಲಿ ತುಂಬಿದರೆಂದು ವಾದಿಸಿದ್ದಾರೆ. ಅಹಾಬನ ಪ್ರಸಂಗ ಈ ವಾದಕ್ಕೆ ಅನುಕೂಲವಾದುದು. ನಾಬೋತನನ್ನು ಕೊಲ್ಲಿಸಿ ದ್ರಾಕ್ಷಿಯ ತೋಟವನ್ನು ಕಿತ್ತುಕೊಂಡ ಅರಸನು, ಎಲೀಯನ ಶಾಪವನ್ನು ಕೇಳಿ ಗೋಣಿತಟ್ಟನ್ನು ಉಡುತ್ತಾನೆ. ಅವನು ತಪ್ಪೊಪ್ಪಿಕೊಂಡನೆಂದಾಗಲಿ ತೋಟವನ್ನು ಹಿಂದಿರುಗಿಸಿದನೆಂದಾಗಲಿ ಕಥೆ ಹೇಳುವುದಿಲ್ಲ. ಆದರೂ ಶಿಕ್ಷೆ ಅವನ ಮಗನ ಕಾಲಕ್ಕೆ ಮುಂದೂಡಲ್ಪಡುತ್ತದೆ. ಹೀಗಿದ್ದರೂ ಲ್ಯಾಂಬರ್ಟರ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ನೆಹೆಮೀಯನ ಗ್ರಂಥದ 9ನೆಯ ಅಧ್ಯಾಯದಲ್ಲಿ ಗೋಣಿತಟ್ಟು ಉಟ್ಟು ತಲೆಗೆ ಮಣ್ಣು ಹಾಕಿಕೊಂಡು ನೆರೆದ ಜನ ತಮ್ಮ ಮತ್ತು ಪೂರ್ವಜರ ಪಾಪಗಳನ್ನು ಬಾಯಿಬಿಟ್ಟು ಅರಿಕೆಮಾಡುತ್ತಾರೆ. ಪಾರಸಿಕರ ಕಾಲಕ್ಕೆ, ಯೆರೂಸಲೇಮಿನಲ್ಲಾದರೂ, ಬಟ್ಟೆಯೂ ಪಾಪನಿವೇದನೆಯೂ ಜೊತೆಗೂಡಿದ್ದುವೆಂದು ಹೇಳಲೇಬೇಕು. ಯೋವೇಲನು ಬಟ್ಟೆಯನ್ನಲ್ಲ, ಹೃದಯವನ್ನು ಹರಿದುಕೊಳ್ಳಬೇಕೆಂದು ಕೇಳುವುದೂ, ಗೋಣಿತಟ್ಟು ಬೂದಿಗಳನ್ನು ಹಾಸಿಕೊಳ್ಳುವುದೇ ಉಪವಾಸವೇ ಎಂದು ಯೆಶಾಯ ಗ್ರಂಥದ 58ನೆಯ ಅಧ್ಯಾಯ ಜರೆಯುವುದೂ ಬಟ್ಟೆಗೆ ಒಳಗಿನ ಹೊಣೆಯನ್ನು ಹೊರಿಸುವ ಪ್ರಯತ್ನಗಳೇ. ಮಿಷ್ನಾದ ಉಪವಾಸ ಪ್ರಕರಣದಲ್ಲಿ ಹಿರಿಯನು ಜನರಿಗೆ ನೆನಪಿಸುವುದೂ ಇದನ್ನೇ: ನಿನೆವೆಯವರ ವಿಷಯದಲ್ಲಿ ದೇವರು ನೋಡಿದ್ದು ಅವರ ಕೃತ್ಯಗಳನ್ನು, ಗೋಣಿತಟ್ಟನ್ನಲ್ಲ.

ಬಟ್ಟೆಯನ್ನು ಯಾರು ನೋಡಬೇಕೆಂಬ ಪ್ರಶ್ನೆ ಇಲ್ಲಿ ಹೊಸ ರೂಪ ತಾಳುತ್ತದೆ. ಅರಸುಗಳ ದ್ವಿತೀಯ ಗ್ರಂಥದ 6ನೆಯ ಅಧ್ಯಾಯದಲ್ಲಿ ಸಮಾರ್ಯಕ್ಕೆ ಮುತ್ತಿಗೆ ಬಿದ್ದು, ಕತ್ತೆಯ ತಲೆಯೂ ಎಂಬತ್ತು ಬೆಳ್ಳಿ ನಾಣ್ಯಕ್ಕೆ ಮಾರಾಟವಾಗುವಷ್ಟು ಹಸಿವು ಹಬ್ಬಿರುತ್ತದೆ. ಕೋಟೆಯ ಗೋಡೆಯ ಮೇಲೆ ನಡೆಯುತ್ತಿದ್ದ ಅರಸನು, ಮಗುವನ್ನು ಬೇಯಿಸಿ ತಿಂದ ಹೆಂಗಸಿನ ದೂರನ್ನು ಕೇಳಿ ಮೇಲುಡುಪನ್ನು ಹರಿದುಕೊಳ್ಳುತ್ತಾನೆ. ಒಳಗೆ ಮೈಗೆ ತಾಗಿದಂತೆ ಗೋಣಿತಟ್ಟಿರುವುದು ಜನಕ್ಕೆ ಕಾಣುತ್ತದೆ. ಅವನು ಅದನ್ನು ಯಾರಿಗೂ ತೋರದೆ ಉಟ್ಟಿದ್ದನು. ಪ್ರಜೆಗಳಿಗಾಗಿ ಉಟ್ಟುದಲ್ಲ, ದೇವರಿಗಾಗಿ ಉಟ್ಟುದು. ಉತ್ತರ ಬಂದಿರಲಿಲ್ಲ. ಆದಕಾರಣವೇ ಮರುಮಾತಿನಲ್ಲಿ ಅವನು ಎಲೀಷನ ತಲೆಯನ್ನು ತೆಗೆಸುವೆನೆಂದು ಆಣೆಯಿಡುತ್ತಾನೆ. ಪಶ್ಚಾತ್ತಾಪದ ಬಟ್ಟೆಯೆಂದು ಓದಿದವರಿಗೆ ಈ ಆಣೆ ಅಸಂಗತ. ಮೊರೆಯ ಬಟ್ಟೆಯೆಂದು ಓದಿದವರಿಗೆ ಅದು ತಾಳ್ಮೆಗೆಟ್ಟ ಅರ್ಜಿದಾರನ ಸಿಟ್ಟು.

ಲ್ಯಾಟಿನ್ ಬೈಬಲ್ಲು ಹಲವೆಡೆ ಈ ಬಟ್ಟೆಯನ್ನು ಕಿಲಿಕಿಯ ದೇಶದ ಆಡುಗೂದಲ ಬಟ್ಟೆಯ ಹೆಸರಿನಿಂದ ‘ಕಿಲಿಕಿಯುಮ್’ ಎಂದು ಕರೆಯಿತು. ಯೂರೋಪಿನ ಮಠಗಳಲ್ಲಿ ಅದೇ ಹೆಸರಿನ ಕೂದಲಂಗಿ, ಮೇಲುಡುಪಿನ ಅಡಿಯಲ್ಲಿ ಮೈಯನ್ನು ದಂಡಿಸುವ ಗುಪ್ತವಸ್ತ್ರವಾಯಿತು. 1170ರ ಡಿಸೆಂಬರ್ 29ರಂದು ಕ್ಯಾಂಟರ್ಬರಿಯ ದೇವಾಲಯದಲ್ಲಿ ಕೊಲೆಯಾದ ಥಾಮಸ್ ಬೆಕೆಟ್‌ನ ದೇಹವನ್ನು ಹೂಳಲು ಸಿದ್ಧಪಡಿಸುತ್ತಿದ್ದ ಸನ್ಯಾಸಿಗಳು, ಆರ್ಚ್‌ಬಿಷಪ್ಪನ ಉಡುಪುಗಳನ್ನು ಒಂದೊಂದಾಗಿ ತೆಗೆದಾಗ, ಎಲ್ಲಕ್ಕೂ ಒಳಗೆ ಹೇನು ತುಂಬಿದ ಕೂದಲಂಗಿಯನ್ನು ಕಂಡರು.