ನಿಶ್ಶಬ್ದಕ್ಕೆ ಎಷ್ಟು ರೇಟು?

ಕಳೆದ ಬೇಸಿಗೆಯಲ್ಲಿ ಅಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳೋಕೆ ಅಂತ ಬೆಂಗಳೂರಿಗೆ ಬಂದು ಒಂದು ತಿಂಗಳು ನನ್ನ ಜೊತೆ ಇದ್ದರು. ನನ್ನದು ಒಂದೇ ಬೆಡ್‌ರೂಮಿನ ಬಾಡಿಗೆ ಮನೆ. ಆ ರೂಮಲ್ಲೇ ಮಂಚ, ಅಲ್ಲೇ ನನ್ನ ಟೇಬಲ್ಲು, ಟೇಬಲ್ಲಿನ ಪಕ್ಕ ಡೆಸ್ಕ್‌ಟಾಪ್. ಟೀಮಿನ ಅರ್ಧ ಜನ ಅಮೆರಿಕದಲ್ಲಿರುವುದರಿಂದ ರಾತ್ರಿ ಒಂದರವರೆಗೆ ಕೂರುವುದು ನನಗೆ ಮಾಮೂಲು. ಮೂರನೇ ರಾತ್ರಿ ಅಮ್ಮ ದಿಂಬು, ಹೊದಿಕೆ ಎತ್ತಿಕೊಂಡು ಹಾಲಿಗೆ ಹೋಗಿ ಸೋಫಾ ಮೇಲೆ ಮುದುಡಿ ಮಲಗಿದರು. ಬೆಳಿಗ್ಗೆ ಕೇಳಿದರೆ, “ಏನಿಲ್ಲ ಕಣೋ, ನಿನ್ ಪೆಟ್ಟಿಗೆ ಆಗಾಗ ರೊಯ್ ಅಂತ ಎದ್ದೇಳುತ್ತೆ. ಅದು ಎದ್ದಾಗೆಲ್ಲ ನಂಗೂ ಎಚ್ಚರ ಆಗುತ್ತೆ” ಅಂದರು.

ರೋಗ ಏನು ಅಂತ ಅಮ್ಮ ಆ ಒಂದು ಮಾತಲ್ಲೇ ಹೇಳಿಬಿಟ್ಟಿದ್ದರು. ನನಗೆ ಅರ್ಥವಾಗಿದ್ದು ಮೂರು ಥರದ ಫ್ಯಾನ್ ಹಾಕಿ ತೆಗೆದಮೇಲೆ. ಹಾಗಾಗಿ ಇದು ಫ್ಯಾನ್‌ಗಳ ವಿಮರ್ಶೆಯೂ ಹೌದು, ಫ್ಯಾನ್ ಕೊಳ್ಳುವ ನಮ್ಮ ರೀತಿಯ ವಿಮರ್ಶೆಯೂ ಹೌದು.

ಮೊದಲು ಡಬ್ಬಿಯ ಮೇಲಿನ ಅಂಕಿಗಳ ಬಗ್ಗೆ ಎರಡು ಮಾತು. ಫ್ಯಾನ್ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಮೂರು ಸಂಖ್ಯೆ ಇರುತ್ತೆ: ಎಷ್ಟು ಗಾಳಿ ನೂಕುತ್ತೆ ಅನ್ನೋ ಸಿಎಫ್‌ಎಂ, ಎಷ್ಟು ಒತ್ತಡ ಕೊಡುತ್ತೆ ಅನ್ನೋ ಮಿಲಿಮೀಟರ್ ಲೆಕ್ಕ, ಎಷ್ಟು ಸದ್ದು ಅನ್ನೋ ಡೆಸಿಬಲ್. ಈ ಮೂರರಲ್ಲಿ ಮೊದಲಿನೆರಡು ಒಟ್ಟಿಗೆ ಎಂದೂ ಸಿಗುವುದಿಲ್ಲ. ಗಾಳಿಯ ಗರಿಷ್ಠ ಸಂಖ್ಯೆ ಎದುರಿಗೆ ಏನೂ ಅಡ್ಡ ಇಲ್ಲದಾಗಿನದು. ಒತ್ತಡದ ಗರಿಷ್ಠ ಸಂಖ್ಯೆ ಗಾಳಿ ಪೂರ್ತಿ ಕಟ್ಟಿಹೋದಾಗಿನದು. ನಮ್ಮ ಕ್ಯಾಬಿನೆಟ್ಟಿನೊಳಗೆ ಫ್ಯಾನ್ ಬದುಕುವುದು ಇವೆರಡರ ನಡುವೆ ಎಲ್ಲೋ.

ಡೆಸಿಬಲ್ ಇನ್ನೂ ಮಜಾ. ಎಷ್ಟು ದೂರದಿಂದ ಅಳೆದರು, ಎಂಥ ಕೋಣೆಯಲ್ಲಿ ಅಳೆದರು ಅನ್ನೋದು ಹೆಚ್ಚಿನ ಡಬ್ಬಿಗಳ ಮೇಲೆ ಇರೋದೇ ಇಲ್ಲ. ಒಂದು ಮೀಟರ್ ದೂರದಿಂದ ಅಳೆದ ಸದ್ದನ್ನು ಎರಡು ಮೀಟರ್ ದೂರದಿಂದ ಅಳೆದರೆ, ಸುತ್ತ ಗೋಡೆಗಳಿಲ್ಲದ ಕಡೆ, ಸುಮಾರು 6 ಡೆಸಿಬಲ್ ಕಡಿಮೆ ಬರುತ್ತೆ. ಫ್ಯಾನ್ ಅದೇ, ಸಂಖ್ಯೆ ಬೇರೆ. ಅದೂ ಅಲ್ಲದೆ ಅಂಥ ಅಳತೆಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಬಯಲಲ್ಲಿ ಒಂಟಿಯಾಗಿ ತಿರುಗುತ್ತಿರುತ್ತೆ. ನಮ್ಮನೇಲಿ ಅದರ ಮುಂದೆ ಜಾಲರಿ, ಜಾಲರಿ ಮುಂದೆ ಧೂಳಿನ ಫಿಲ್ಟರ್, ಹಿಂದೆ ವೈರುಗಳ ಪೊದೆ. ರೆಕ್ಕೆಗೆ ಅಡ್ಡ ಸಿಕ್ಕಷ್ಟೂ ಸದ್ದು ಜಾಸ್ತಿ. ಇನ್ನು “ಸೈಲೆಂಟ್” ಅನ್ನೋ ಪದಕ್ಕಂತೂ ಯಾವ ಅಳತೆಯೂ ಇಲ್ಲ. ಹೋಟೆಲ್ ಬೋರ್ಡಿನ ಮೇಲೆ “ಶುಚಿ-ರುಚಿ” ಇದ್ದಹಾಗೆ ಅದು.

ಇದೆಲ್ಲ ಗೊತ್ತಿದ್ದೂ ನಾನು ಶನಿವಾರ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಗಾಜಿನ ಕೌಂಟರ್ ಮೇಲೆ ಒಂದು ಬಣ್ಣದ ಡಬ್ಬಿ ಇಟ್ಟು, “ಇದು ತಗೊಳ್ಳಿ ಸಾರ್, ಪಿನ್ ಡ್ರಾಪ್ ಸೈಲೆಂಟ್, ಲೈಟೂ ಬರುತ್ತೆ” ಅಂದರು. ಒಂದಕ್ಕೆ ಮುನ್ನೂರು. ಕ್ಯಾಬಿನೆಟ್ಟಿಗೆ ಎರಡು, ಪ್ರೊಸೆಸರ್ ಕೂಲರಿಗೆ ಒಂದು, ಎಲ್ಲಾ 120 ಮಿಲಿಮೀಟರಿನವು. ಒಂಬೈನೂರಕ್ಕೆ ಸಮಸ್ಯೆ ಮುಗೀತು ಅಂದುಕೊಂಡೆ.

ಇವಕ್ಕೆ ಮದರ್‌ಬೋರ್ಡಿನ ಜೊತೆ ಮಾತೇ ಇಲ್ಲ. ನೇರ ಪವರ್ ಸಪ್ಲೈನ 12 ವೋಲ್ಟಿಗೆ ಸಿಕ್ಕಿಸುವುದು, ಆನ್ ಮಾಡಿದ ಕ್ಷಣದಿಂದ ಆಫ್ ಮಾಡೋವರೆಗೆ ಒಂದೇ ಸ್ಪೀಡು. ಪ್ರೊಸೆಸರ್ ಫ್ಯಾನಿನ ಜಾಗ ಖಾಲಿ ಇದೆ ಅಂತ ಮದರ್‌ಬೋರ್ಡ್ ಪ್ರತಿ ಸಲ ಆನ್ ಮಾಡುವಾಗಲೂ ಎರರ್ ತೋರಿಸುತ್ತಿತ್ತು. ಬಯೋಸ್‌ನಲ್ಲಿ ಅದನ್ನು ಇಗ್ನೋರ್ ಮಾಡಿದೆ. ನೀವು ಹಾಗೆ ಮಾಡಬೇಡಿ. ಫ್ಯಾನ್ ನಿಜವಾಗಿ ನಿಂತುಹೋದ ದಿನ ಎಚ್ಚರಿಸೋಕೆ ಇರೋದೇ ಆ ಎರರ್. ಸದ್ದು? ಕಡಿಮೆಯೇನಲ್ಲ, ಹಳೆಯದಕ್ಕಿಂತ ಒಂದು ಕೈ ಜಾಸ್ತಿಯೇ ಇತ್ತು. ಆದರೆ ಒಂದು ವಿಚಿತ್ರ: ಅಮ್ಮ ಅವತ್ತು ರೂಮಲ್ಲೇ ಮಲಗಿದರು. ಮರುದಿನವೂ. ನಾನು ಅದನ್ನು ಗಮನಿಸಲಿಲ್ಲ. ಸದ್ದು ಜಾಸ್ತಿಯಾಗಿದೆ ಅಂತ ನನ್ನ ಗೊಣಗಾಟ ನನಗೆ.

ಹತ್ತನೇ ದಿನಕ್ಕೆ ಒಂದು ಫ್ಯಾನ್ ಟಿಕ್ ಟಿಕ್ ಅನ್ನೋಕೆ ಶುರು ಮಾಡಿತು. ಅಗ್ಗದ ಫ್ಯಾನ್‌ಗಳ ಕಥೆ ಬಹುಪಾಲು ಮುಗಿಯೋದು ಬೇರಿಂಗಲ್ಲಿ. ಸಾದಾ ಸ್ಲೀವ್ ಬೇರಿಂಗ್ ಅಂದರೆ ಒಂದು ತೋಳು, ಅದರೊಳಗೆ ಎಣ್ಣೆ, ಎಣ್ಣೆಯಲ್ಲಿ ತಿರುಗೋ ಕಡ್ಡಿ. ಎಣ್ಣೆ ಆರಿದಂತೆ ಕಡ್ಡಿ ಅಲುಗಾಡುತ್ತೆ, ತೋಳು ಸವೆಯುತ್ತೆ, ಸದ್ದು ಶುರು. ಅಡ್ಡಡ್ಡ ಮಲಗಿಸಿ ಹಾಕಿದರೆ ಇನ್ನೂ ಬೇಗ. ಫ್ಲೂಯಿಡ್ ಡೈನಮಿಕ್ ಬೇರಿಂಗ್‌ನಲ್ಲೂ ಎಣ್ಣೆಯೇ ಇರೋದು, ಆದರೆ ಒಳಗೆ ಕೊರೆದ ಗೀರುಗಳು ತಿರುಗುವಾಗ ಎಣ್ಣೆಗೆ ಒತ್ತಡ ಕೊಟ್ಟು ಕಡ್ಡಿಯನ್ನು ತೇಲಿಸಿ ಹಿಡಿಯುತ್ತವೆ. ಲೋಹಕ್ಕೆ ಲೋಹ ತಾಕುವುದು ತೀರಾ ಕಡಿಮೆ. ನನ್ನ ಡಬ್ಬಿಯ ಮೇಲೆ ಏನೋ ದೊಡ್ಡ ಹೆಸರಿನ ಬೇರಿಂಗ್ ಅಂತಲೇ ಬರೆದಿತ್ತು. ಹೊಸದರಲ್ಲಿ ಎಲ್ಲಾ ಫ್ಯಾನೂ ಸೈಲೆಂಟೇ. ಆರು ತಿಂಗಳ ನಂತರ ಹೇಗಿರುತ್ತೆ ಅನ್ನೋದು ಡಬ್ಬಿ ಮೇಲೆ ಎಲ್ಲಿ ಬರೀತಾರೆ?

ಎರಡನೇ ಸುತ್ತಿಗೆ ಆರ್ಕ್ಟಿಕ್ ಪಿ12 ಪಿಡಬ್ಲ್ಯುಎಂ ಪಿಎಸ್‌ಟಿ ತರಿಸಿದೆ. ಕಡಿಮೆ ದುಡ್ಡಿನ ಫ್ಯಾನ್ ಅಂದಾಗ ತಿಳಿದವರ ಬಾಯಲ್ಲಿ ಮೊದಲು ಬರೋ ಹೆಸರುಗಳಲ್ಲಿ ಇದೂ ಒಂದು. ಲೈಟಿಲ್ಲ, ಅಲಂಕಾರ ಇಲ್ಲ, ಐದು ರೆಕ್ಕೆ, ಫ್ಲೂಯಿಡ್ ಡೈನಮಿಕ್ ಬೇರಿಂಗ್. ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಇರೋದರಿಂದ ನಿಮಿಷಕ್ಕೆ 200 ಸುತ್ತಿನಿಂದ 1800 ಸುತ್ತಿನವರೆಗೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು. ಪಿಎಸ್‌ಟಿ ಅಂದರೆ ಒಂದು ಫ್ಯಾನಿನ ವೈರಿನ ತುದಿಗೆ ಇನ್ನೊಂದನ್ನು ಸಿಕ್ಕಿಸಿ ಸರಪಳಿ ಮಾಡುವ ವ್ಯವಸ್ಥೆ. ಮದರ್‌ಬೋರ್ಡಲ್ಲಿ ಫ್ಯಾನ್ ಜಾಗ ಎರಡೇ ಇರೋ ನಮ್ಮಂಥವರಿಗೆ ವರ. ಐದರ ಪ್ಯಾಕ್ ತಗೊಂಡರೆ ಬಿಡಿಗಿಂತ ಅಗ್ಗ, ಗೆಳೆಯರ ಜೊತೆ ಹಂಚಿಕೊಳ್ಳಬಹುದು. ಕೊರತೆ ಒಂದಿದೆ: 1000 ಸುತ್ತಿನ ಆಸುಪಾಸಿನಲ್ಲಿ ಸಣ್ಣದೊಂದು ಗುಂಯ್ ನಾದ ಬರುತ್ತೆ ಅಂತ ಬಳಸಿದವರು ಅನೇಕರು ಹೇಳಿದ್ದಾರೆ. ಆ ಸ್ಪೀಡಲ್ಲಿ ನಿಲ್ಲದ ಹಾಗೆ ಸೆಟ್ ಮಾಡಿಕೊಂಡರೆ ತಾಪತ್ರಯ ಇಲ್ಲ.

ಹಾಕಿದೆ. ಸಂಜೆ ಕೇಳಿದರೆ ಸೊಗಸು, ಇದೆಯೋ ಇಲ್ಲವೋ ಅನ್ನೋ ಹಾಗೆ. ರಾತ್ರಿ ಹನ್ನೆರಡೂವರೆಗೆ ಅಮ್ಮ ಮತ್ತೆ ದಿಂಬು ಎತ್ತಿಕೊಂಡರು.

ಆಗ ನನಗೆ ಹೊಳೆದದ್ದು ನಮ್ಮಂಥವರಿಗೆ ಯಾವಾಗಲೂ ಹೊಳೆಯುವ ಪರಿಹಾರ: ಇನ್ನೂ ದುಬಾರಿದು ಬೇಕು. ಆಫೀಸಿನ ಗೆಳೆಯನ ಹತ್ತಿರ ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಫ್-ಎ12ಎಕ್ಸ್25 ಇತ್ತು, ಕಾಫಿಪುಡಿ ಬಣ್ಣದ್ದು. ಅದೊಂದರ ಬೆಲೆಗೆ ಆರ್ಕ್ಟಿಕ್ ಎರಡು-ಮೂರು ಬರುತ್ತವೆ. 2018ರಲ್ಲಿ ಬಂದ ಈ ಫ್ಯಾನಿನ ಹೆಗ್ಗಳಿಕೆ ರೆಕ್ಕೆಯ ತುದಿಗೂ ಚೌಕಟ್ಟಿಗೂ ಇರುವ ಸಂದು: ಬರೀ ಅರ್ಧ ಮಿಲಿಮೀಟರ್. ಸಂದು ಕಿರಿದಾದಷ್ಟೂ ನೂಕಿದ ಗಾಳಿ ಹಿಂದಕ್ಕೆ ಸೋರುವುದು ಕಡಿಮೆ. ಆದರೆ ಮಾಮೂಲಿ ಪ್ಲಾಸ್ಟಿಕ್ ರೆಕ್ಕೆ ಬಿಸಿಗೆ, ತಿರುಗುವ ಸೆಳೆತಕ್ಕೆ ವರ್ಷಗಳಲ್ಲಿ ಚೂರು ಚೂರೇ ಹಿಗ್ಗಿ ಚೌಕಟ್ಟಿಗೆ ತಾಗಬಹುದು. ಹಾಗಾಗದಿರಲಿ ಅಂತ ಲಿಕ್ವಿಡ್ ಕ್ರಿಸ್ಟಲ್ ಪಾಲಿಮರ್ ಅನ್ನೋ ಗಟ್ಟಿ ವಸ್ತು ಬಳಸಿದ್ದಾರೆ. ದುಡ್ಡು ಸುಮ್ಮನೆ ತಗೊಳ್ತಿಲ್ಲ, ಕೆಲಸ ಮಾಡಿಯೇ ತಗೊಳ್ತಿದ್ದಾರೆ.

ಹೋಲಿಸಿ ನೋಡೋಣ ಅಂತ ಒಂದು ಪರೀಕ್ಷೆ ಇಟ್ಟೆ. ಫೋನಿನ ಡೆಸಿಬಲ್ ಆ್ಯಪ್‌ಗಳನ್ನು ಇಷ್ಟು ಸಣ್ಣ ಸದ್ದಿಗೆ ನಂಬುವ ಹಾಗಿಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಮುಚ್ಚಿ ಕೂತಿದ್ದ ಅಮ್ಮನೇ ಪರೀಕ್ಷಕರು. ಎರಡನ್ನೂ ಪೂರ್ತಿ ಸ್ಪೀಡಲ್ಲಿ ಬಿಟ್ಟಾಗ, “ಎರಡನೇದು ಸ್ವಲ್ಪ ಮೃದು” ಅಂದರು. ಅದು ನಾಕ್ಟುವಾ, ಅದರ ಗರಿಷ್ಠ ಸ್ಪೀಡು ಇನ್ನೂ ಹೆಚ್ಚು, 2000 ಸುತ್ತು, ಆದರೂ ಮೃದು. ಎರಡನ್ನೂ 700 ಸುತ್ತಿಗೆ ಇಳಿಸಿದಾಗ, “ಎರಡೂ ಒಂದೇ ಥರ ಇದೆಯಲ್ಲೋ. ಇದಕ್ಕೆ ಎಷ್ಟು ಕೊಟ್ಟೆ?” ಅಂದರು. ಗೆಳೆಯನದು ಅಂತ ಹೇಳಿ ಬಚಾವಾದೆ.

ಆ ಫಲಿತಾಂಶದ ಹಿಂದೆ ಒಂದು ಸರಳ ಲೆಕ್ಕ ಇದೆ. ಫ್ಯಾನಿನ ಸ್ಪೀಡು ಅರ್ಧಕ್ಕಿಳಿಸಿದರೆ ಗಾಳಿಯೂ ಸುಮಾರು ಅರ್ಧಕ್ಕಿಳಿಯುತ್ತೆ. ಸದ್ದು ಮಾತ್ರ, ಎಂಜಿನಿಯರುಗಳು ಬಳಸುವ ಸೂತ್ರದ ಪ್ರಕಾರ, ಹತ್ತಿರ ಹತ್ತಿರ 15 ಡೆಸಿಬಲ್ ಇಳಿಯುತ್ತೆ. 10 ಡೆಸಿಬಲ್ ಇಳಿದರೆ ಕಿವಿಗೆ ಅರ್ಧವಾದಂತೆ ಅನಿಸುತ್ತೆ. ಅಂದರೆ ಅರ್ಧ ಗಾಳಿ ಬಿಟ್ಟುಕೊಟ್ಟರೆ ಸದ್ದಿನಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ವಾಪಸ್. ದುಬಾರಿ ಫ್ಯಾನೂ ಅಗ್ಗದ ಒಳ್ಳೆ ಫ್ಯಾನೂ ನಿಧಾನ ತಿರುಗುವಾಗ ಒಂದೇ ಆಗಿಬಿಡೋದು ಅದಕ್ಕೇ.

ಹಾಗಾದರೆ ಅಮ್ಮನಿಗೆ ಎಚ್ಚರ ಯಾಕೆ ಆಗ್ತಿತ್ತು? ಉತ್ತರ ಸಿಕ್ಕಿದ್ದು ಕರೆಂಟ್ ಹೋದ ರಾತ್ರಿ. ಎರಡು ಗಂಟೆ ಇರಬೇಕು, ಸೀಲಿಂಗ್ ಫ್ಯಾನ್ ನಿಂತಿತು. ಸೆಕೆ ಹತ್ತೋ ಮೊದಲೇ ನನಗೂ ಎಚ್ಚರ, ಹಾಲಿನಲ್ಲಿ ಅಮ್ಮನಿಗೂ ಎಚ್ಚರ. ಆ ಹಳೇ ಸೀಲಿಂಗ್ ಫ್ಯಾನು ಕಂಪ್ಯೂಟರಿನ ಮೂರೂ ಫ್ಯಾನಿಗಿಂತ ಜೋರು. ಮೇಲಿಂದ ಕಟಕಟ ಬೇರೆ. ಅದರ ಕೆಳಗೆ ಹಾಯಾಗಿ ಮಲಗಿದವರು ಅದು ಸುಮ್ಮನಾದಾಗ ಎದ್ದುಕೂತೆವು. ನಿದ್ದೆ ಕೆಡಿಸೋದು ಸದ್ದು ಎಷ್ಟಿದೆ ಅನ್ನೋದಕ್ಕಿಂತ ಹೆಚ್ಚಾಗಿ, ಸದ್ದು ಬದಲಾಗೋದು. ಮುನ್ನೂರು ರೂಪಾಯಿಯ ಒಂದೇ ಸ್ಪೀಡಿನ ಫ್ಯಾನ್ ಇದ್ದಾಗ ಅಮ್ಮ ಮಲಗಿದ್ದೂ ಅದಕ್ಕೇ. “ಎದ್ದೇಳುತ್ತೆ” ಅಂತ ಅವರು ಮೊದಲ ದಿನವೇ ಹೇಳಿರಲಿಲ್ಲವಾ?

ತಪ್ಪು ಇದ್ದದ್ದು ಫ್ಯಾನಲ್ಲಿ ಅಲ್ಲ, ಮದರ್‌ಬೋರ್ಡಿನ ಸೆಟ್ಟಿಂಗಲ್ಲಿ. ಈಗಿನ ಪ್ರೊಸೆಸರ್‌ಗಳು ಬ್ರೌಸರಲ್ಲಿ ಒಂದು ಟ್ಯಾಬ್ ತೆರೆದರೂ ಕಣ್ಣುಮುಚ್ಚಿ ಬಿಡೋದರೊಳಗೆ ಹತ್ತು-ಹದಿನೈದು ಡಿಗ್ರಿ ಜಿಗಿದು, ಅಷ್ಟೇ ಬೇಗ ಇಳಿಯುತ್ತವೆ. ಮೇಲಿರುವ ಕೂಲರಿನ ಲೋಹಕ್ಕೆ ಅಷ್ಟರಲ್ಲಿ ಬಿಸಿಯೇ ತಟ್ಟಿರೋದಿಲ್ಲ. ಆದರೂ ಮದರ್‌ಬೋರ್ಡ್ ಗಾಬರಿಬಿದ್ದು ಫ್ಯಾನನ್ನು ಎಬ್ಬಿಸುತ್ತೆ, ಆಮೇಲೆ ಮಲಗಿಸುತ್ತೆ. ರಾತ್ರಿಯೆಲ್ಲ ಇದೇ ಆಟ.

ಬಯೋಸ್‌ಗೆ ಹೋಗಿ ಫ್ಯಾನ್ ಕರ್ವ್ ಬದಲಿಸಿದೆ. 65 ಡಿಗ್ರಿವರೆಗೆ ಏನೇ ಆಗಲಿ 700 ಸುತ್ತು. ಅಲ್ಲಿಂದ 80 ಡಿಗ್ರಿವರೆಗೆ ನಿಧಾನ ಏರಿಕೆ, ಗುಂಯ್ ಅನ್ನೋ ಜಾಗದಲ್ಲಿ ಮಾತ್ರ ಸ್ವಲ್ಪ ಕಡಿದಾದ ಮೆಟ್ಟಿಲು. ಅದಕ್ಕೂ ಮೇಲೆ ಹೋದರೆ ಪೂರ್ತಿ ಸ್ಪೀಡು. ಫ್ಯಾನು ಎಷ್ಟು ತಡವಾಗಿ ಪ್ರತಿಕ್ರಿಯಿಸಬೇಕು ಅನ್ನೋ ಸೆಟ್ಟಿಂಗ್ ಇದ್ದರೆ, ಬೋರ್ಡಿನಿಂದ ಬೋರ್ಡಿಗೆ ಅದರ ಹೆಸರು ಬೇರೆ, ಅದನ್ನು ಹೆಚ್ಚಿಸಿ. ಫ್ಯಾನನ್ನು ಪೂರ್ತಿ ನಿಲ್ಲಿಸುವ ಆಸೆಗೆ ಬೀಳಬೇಡಿ. ನಿಂತು ಶುರುವಾಗುವುದೂ ಬದಲಾವಣೆಯೇ. ಟೈಪ್ ಮಾಡುವಾಗಿನ ಬಿಸಿ ನನ್ನ ಮೆಷಿನ್ನಲ್ಲಿ ಮೊದಲಿಗಿಂತ ಐದಾರು ಡಿಗ್ರಿ ಏರಿತು. ಅದರಿಂದ ತೊಂದರೆ ಇಲ್ಲ. 60 ಡಿಗ್ರಿ ಪ್ರೊಸೆಸರಿಗೆ ಜ್ವರ ಅಲ್ಲ.

ಈಗ ತೀರ್ಪು. ಮೊದಲು ಏನೂ ಕೊಳ್ಳಬೇಡಿ. ಇರೋ ಫ್ಯಾನಿಗೆ ಕರ್ವ್ ಸರಿ ಮಾಡಿ, ಫಿಲ್ಟರ್ ಬಿಚ್ಚಿ ತೊಳೆಯಿರಿ. ಪಕ್ಕದಲ್ಲೊಂದು ಬಿಲ್ಡಿಂಗ್ ಏಳದ ಬೀದಿ ಬೆಂಗಳೂರಲ್ಲಿ ಎಲ್ಲಿದೆ, ಧೂಳು ಅಷ್ಟಿರುತ್ತೆ. ಗಾಳಿ ಊದಿ ಸ್ವಚ್ಛ ಮಾಡುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲಾಂದ್ರೆ ಅಂಕೆಮೀರಿ ತಿರುಗಿ ಬೇರಿಂಗಿಗೆ ಪೆಟ್ಟು. ಅಷ್ಟಾದರೂ ಸದ್ದಿದ್ದರೆ ಆರ್ಕ್ಟಿಕ್ ಪಿ12 ತಗೊಳ್ಳಿ. ಹೆಚ್ಚಿನವರಿಗೆ ಅದಕ್ಕಿಂತ ಮೇಲೆ ಹೋಗೋ ಅಗತ್ಯ ಇಲ್ಲ. ಕ್ಯಾಬಿನೆಟ್ಟಲ್ಲಿ 140 ಮಿಲಿಮೀಟರಿಗೆ ಜಾಗ ಇದ್ದರೆ ಅದನ್ನೇ ಹಾಕಿ, ದೊಡ್ಡ ರೆಕ್ಕೆ ನಿಧಾನ ತಿರುಗಿದರೂ ಅಷ್ಟೇ ಗಾಳಿ ಕೊಡುತ್ತೆ. ದಿನಾ ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡುವವರು, ಫ್ಯಾನನ್ನು ಜೋರಾಗಿ ಓಡಿಸಲೇಬೇಕಾದವರು ನಾಕ್ಟುವಾ ಕಡೆ ನೋಡಿ. ಅಷ್ಟು ಆಗದಿದ್ದರೆ ಅದೇ ಕಂಪನಿಯ ಬೂದು ಬಣ್ಣದ ಎನ್‌ಎಫ್-ಪಿ12 ರೆಡಕ್ಸ್ ಇದೆ. ಸ್ಪೀಡು ಬದಲಿಸಲಾಗದ, ಬೇರಿಂಗ್ ಯಾವುದೆಂದು ಗೊತ್ತಾಗದ ಬಣ್ಣದ ಡಬ್ಬಿಗಳನ್ನು ಕೌಂಟರ್ ಮೇಲೆಯೇ ಬಿಟ್ಟು ಬನ್ನಿ.

ಗೆಳೆಯನ ಫ್ಯಾನ್ ವಾಪಸ್ ಕೊಟ್ಟೆ. ಮುನ್ನೂರರವು ಮೂರೂ ಅಟ್ಟದ ಮೇಲಿವೆ. ಅಮ್ಮ ಕೊನೆಯ ಹತ್ತು ದಿನ ರೂಮಲ್ಲೇ ಮಲಗಿದರು, ನಾನು ಮೂರು ಅಡಿ ದೂರದಲ್ಲಿ ಕೂತು ಕೆಲಸ ಮಾಡುತ್ತಿದ್ದರೂ. ಇನ್ನೊಂದು ಕಣ್ಣಿನ ಆಪರೇಷನ್ನಿಗೆ ಡಿಸೆಂಬರಲ್ಲಿ ಬರುತ್ತಾರೆ. ಸೋಫಾ ಮೇಲೆ ಹಾಸೋ ಅಗತ್ಯ ಈ ಸಲ ಇಲ್ಲ.